ಮಣಿಕಟ್ಟಿನ ಎಲುಬಿಗೆ ಸೊಂಟದ ಎಲುಬು ಯಾಕೆ?

ಬದಿಯಡ್ಕದಿಂದ: ಮಳೆಗಾಲದಲ್ಲಿ ಅಡಿಕೆಮರದ ಸಂಕದಿಂದ ಜಾರಿ ಕೈ ಊರಿ ಬಿದ್ದೆ. ಉಳುಕು ಎಂದುಕೊಂಡು ಎಣ್ಣೆ ತಿಕ್ಕಿ ಸುಮ್ನಿದ್ದೆ. ಏಳು ತಿಂಗಳಾಯಿತು, ಅಡಿಕೆ ಸುಲಿಯುವಾಗ ಹೆಬ್ಬೆರಳಿನ ಬುಡ ಚುಚ್ಚುತ್ತದೆ. ಮಣಿಕಟ್ಟಿನ ಸ್ಕೇಫಾಯ್ಡ್ ಎಂಬ ಸಣ್ಣ ಎಲುಬು ಮುರಿದದ್ದು ಕೂಡಿಲ್ಲ, ಸೊಂಟದಿಂದ ಎಲುಬು ತೆಗೆದು ಕಸಿ ಮಾಡಬೇಕು ಎಂದರು ಮಂಗಳೂರಿನ ಡಾಕ್ಟರು. ಕೈಗೆ ಸೊಂಟ ಯಾಕೆ ಮಾರಾಯ್ರೆ?

ಕುಂಬಳೆಯಿಂದ: ನನಗೂ ಆಗಿದೆ ಅಣ್ಣ. ಆ ಎಲುಬಿಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಬರುತ್ತದೆ. ಮುರಿದರೆ ಮೊಣಕೈ ಕಡೆಯ ತುಂಡಿಗೆ ರಕ್ತ ಸಾಲದು. ಸೊಂಟದ ಮೆತ್ತನೆ ಎಲುಬಿನಲ್ಲಿ ಹೊಸ ಎಲುಬು ಕಟ್ಟುವ ಜೀವಕೋಶಗಳಿವೆ. ಅದನ್ನು ತುಂಬಿ ಸ್ಕ್ರೂ ಬಿಗಿದರು. ಕೈಗಿಂತ ಸೊಂಟವೇ ಜಾಸ್ತಿ ನೋಯಿತು!

ಮಂಜೇಶ್ವರದಿಂದ: ಕೆಲವರಿಗೆ ಮಣಿಕಟ್ಟಿನ ಹತ್ತಿರದ ಎಲುಬಿನಿಂದಲೇ ತೆಗೆಯುತ್ತಾರೆ, ಕೇಳಿ ನೋಡಿ. ಬೀಡಿ ಇದ್ದರೆ ಬಿಡಿ, ಎಲುಬು ಕೂಡಲು ಅದೇ ಅಡ್ಡಿ.

ಬದಿಯಡ್ಕದಿಂದ: ಬೀಡಿ ಇಲ್ಲ. ಎಲೆಯಡಿಕೆಗೆ ಹೊಗೆಸೊಪ್ಪು ಉಂಟು. ಅದೂ ಬಿಡಬೇಕಾ?