ಮನೆಯಲ್ಲಿ ಒಬ್ಬರಿಗೆ ಎಚ್1ಎನ್1 (ಹಂದಿಜ್ವರ) ಬಂದರೆ ಉಳಿದವರೂ ಮಾತ್ರೆ ನುಂಗಬೇಕೇ?

ಪ್ರಶ್ನೆ, ಶಿವಮೊಗ್ಗದಿಂದ: 9 ವರ್ಷದ ಮಗನಿಗೆ ಎಚ್1ಎನ್1 ಎಂದು ವರದಿ ಬಂದಿದೆ. ಒಸೆಲ್ಟಾಮಿವಿರ್ ಎಂಬ ವೈರಸ್ ನಿರೋಧಕ ಔಷಧ ಬರೆದುಕೊಟ್ಟಿದ್ದಾರೆ. ಅತ್ತೆಯವರಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆಯಿದೆ, ಮೂತ್ರಪಿಂಡವೂ ಅಷ್ಟಕ್ಕಷ್ಟೆ. ಮುಂಜಾಗ್ರತೆಗೆಂದು ನಾವೆಲ್ಲರೂ ಅದನ್ನೇ ತೆಗೆದುಕೊಳ್ಳಬಹುದೇ? ಅನುಭವವಿದ್ದವರು ತಿಳಿಸಿ.

ಹಾಸನದಿಂದ: ನಮ್ಮ ಮನೆಯಲ್ಲಿಯೂ ಹೀಗೇ ಆಗಿತ್ತು. ಮಗಳಿಗೆ ಜ್ವರ, ಮಾವನವರಿಗೆ ಮೂತ್ರಪಿಂಡದ ತೊಂದರೆ. ವೈದ್ಯರು ಮೊದಲು ಕೇಳಿದ್ದು ಮಾವನವರ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ವರದಿಯನ್ನು. ಈ ಔಷಧ ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ಅವರಿಗೆ ಪ್ರಮಾಣ ತಗ್ಗಿಸಿ ಕೊಟ್ಟರು. ಗಟ್ಟಿಮುಟ್ಟಾಗಿದ್ದ ನಮ್ಮಿಬ್ಬರಿಗೆ ಏನೂ ಬರೆಯಲಿಲ್ಲ, ಜ್ವರ ಕಾಣಿಸಿದರೆ ಅಂದೇ ಬರಲು ಹೇಳಿದರು. ನಿಮ್ಮ ಅತ್ತೆಯವರನ್ನು ಇಂದೇ ತೋರಿಸಿ. ಸೋಂಕಿತರ ಸಂಪರ್ಕವಾದ ಎರಡು ದಿನಗಳೊಳಗೆ ಶುರುವಾದರೆ ಮಾತ್ರ ಮುಂಜಾಗ್ರತೆಯ ಮಾತ್ರೆಗೆ ಅರ್ಥ.

ಔಷಧ ಅಂಗಡಿಯವರು, ದಾವಣಗೆರೆ: ಅಂಗಡಿಯಲ್ಲಿ ನಾನು ದಿನವೂ ಬಿಡಿಸುವ ಗಂಟು ಇದು. ವಯಸ್ಕರ ಚಿಕಿತ್ಸೆಗೆ 75 ಮಿ.ಗ್ರಾಂ. ದಿನಕ್ಕೆ ಎರಡು ಬಾರಿ, ಐದು ದಿನ. ತಡೆಗಟ್ಟಲು ದಿನಕ್ಕೆ ಒಂದೇ, ಸಾಮಾನ್ಯವಾಗಿ ಏಳರಿಂದ ಹತ್ತು ದಿನ. ಜ್ವರ ಬಂದ ಮೇಲೂ ತಡೆಯ ಪ್ರಮಾಣವನ್ನೇ ನುಂಗುತ್ತಾ ಕೂತರೆ ಕಾಯಿಲೆಗೆ ಅದು ಸಾಲದು, ಔಷಧಕ್ಕೆ ಬಗ್ಗದ ವೈರಸ್‌ಗೆ ದಾರಿಯೂ ಆದೀತು. ಮಕ್ಕಳಿಗೆ ಪ್ರಮಾಣ ತೂಕದ ಮೇಲೆ ನಿಂತಿದೆ. ಆದ್ದರಿಂದ ಮಗನ ಮಾತ್ರೆಯನ್ನು ಅಜ್ಜಿಗೆ ಹಂಚಬೇಡಿ. 2017ರಿಂದ ಈ ಔಷಧ, ಔಷಧ ನಿಯಮಗಳ ‘ಎಚ್1’ ಎಂಬ ಅನುಸೂಚಿಯಲ್ಲಿದೆ (ಈ ಹೆಸರಿಗೂ ಎಚ್1ಎನ್1ಗೂ ಸಂಬಂಧವಿಲ್ಲ). ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ‘ಒಂದು ಸ್ಟ್ರಿಪ್ ಮನೆಯಲ್ಲಿರಲಿ’ ಎಂದು ಕೇಳುವವರು ನನ್ನ ಮೇಲೆ ಸಿಟ್ಟಾಗುತ್ತಾರೆ, ಆಗಲಿ. ಜೊತೆಗೊಂದು ಆ್ಯಂಟಿಬಯೋಟಿಕ್ ಕೇಳುವವರೂ ಇದ್ದಾರೆ. ವೈರಸ್ಸಿಗೆ ಅದು ಏನೂ ಮಾಡದು. ಮಗನಿಗೆ ಜ್ವರಕ್ಕೆಂದು ಆಸ್ಪಿರಿನ್ ಮಾತ್ರ ಖಂಡಿತ ಬೇಡ.

ಮಂಗಳೂರಿನಿಂದ: ನನ್ನ ಮಗ ಮೊದಲ ದಿನ ಔಷಧ ಕುಡಿದಷ್ಟೂ ವಾಂತಿ ಮಾಡಿದ. ಗಂಜಿ ಕುಡಿಸಿ ಕೊಟ್ಟ ಮೇಲೆ ಹೊಟ್ಟೆಯಲ್ಲಿ ನಿಂತಿತು. ಜ್ವರ ಬೇಗ ಇಳಿಯಿತೆಂದು ನಡುವೆ ನಿಲ್ಲಿಸಲಿಲ್ಲ. ಅಪರೂಪಕ್ಕೆ ಕೆಲವು ಮಕ್ಕಳು ಗೊಂದಲಗೊಂಡು ವಿಚಿತ್ರವಾಗಿ ವರ್ತಿಸಿದ್ದು ಜಪಾನಿನಿಂದ ವರದಿಯಾಗಿತ್ತು. ಅದು ಔಷಧದಿಂದಲೋ ಜ್ವರದಿಂದಲೋ ಎಂಬುದು ಇತ್ಯರ್ಥವಾಗಿಲ್ಲ ಎಂದು ವೈದ್ಯರು ಹೇಳಿದ್ದರಿಂದ ರಾತ್ರಿ ಅವನ ಪಕ್ಕದಲ್ಲೇ ಮಲಗುತ್ತಿದ್ದೆ.

ನಿವೃತ್ತ ಶುಶ್ರೂಷಕಿ, ಧಾರವಾಡ: ಕೇಂದ್ರ ಆರೋಗ್ಯ ಸಚಿವಾಲಯ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದೆ. ಸಾಧಾರಣ ಜ್ವರ, ಕೆಮ್ಮಿನ ಎ ವರ್ಗಕ್ಕೆ ಈ ಮಾತ್ರೆ ಬೇಕಿಲ್ಲ. ನಿಮ್ಮ ಅತ್ತೆಯವರಂಥವರಿಗೆ ಲಕ್ಷಣ ಕಂಡರೆ ಬಿ ವರ್ಗ. ಪರೀಕ್ಷೆಯ ವರದಿಗೂ ಕಾಯದೆ ಔಷಧ ಶುರುಮಾಡುತ್ತಾರೆ. ಲಕ್ಷಣ ಕಂಡು 48 ಗಂಟೆ ಮೀರಿದರೆ ಪ್ರಯೋಜನ ಕಡಿಮೆ, ಆದರೂ ಅಪಾಯದಲ್ಲಿರುವವರಿಗೆ ತಡವಾಗಿಯಾದರೂ ಕೊಡುತ್ತಾರೆ. ಏದುಸಿರು, ಎದೆನೋವು, ಮಂಪರು, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು, ಮಗು ಊಟ ನೀರು ಬಿಡುವುದು ಇವುಗಳಲ್ಲಿ ಯಾವುದು ಕಂಡರೂ ಅದು ಸಿ; ಮನೆಯಲ್ಲಿ ಇರಿಸಿಕೊಳ್ಳದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.