ಯುಗಾದಿಗೆ ತೊಗರಿಬೇಳೆ ಒಬ್ಬಟ್ಟೋ ಕಡಲೆಬೇಳೆ ಹೋಳಿಗೆಯೋ? ಬೀಗರು ಎರಡು ಸೀಮೆಯವರಾದರೆ ಏನು ಮಾಡೋದು?

ಎರಡೂರ ಸೊಸೆ
ತವರು ಧಾರವಾಡ, ಅತ್ತೆಮನೆ ಮದ್ದೂರು ಕಡೆ. ಈ ಯುಗಾದಿಗೆ ಎರಡೂ ಮನೆಯವರು ಒಂದೇ ಪಂಕ್ತಿ, 20 ಎಲೆ. ತವರಿನವರಿಗೆ ಕಡಲೆಬೇಳೆ ಹೋಳಿಗೆ ಆಗಬೇಕು, ಅತ್ತೆಮನೆಯವರಿಗೆ ತೊಗರಿಬೇಳೆ ಒಬ್ಬಟ್ಟು ಬಿಟ್ಟು ಬೇರೆ ಹಬ್ಬವೇ ಅಲ್ಲ. ಎರಡು ಬೇಳೆ ಸಮಸಮ ಬೆರೆಸಿ ಒಂದೇ ಹೂರಣ ಮಾಡಿದರೆ ನಡೆಯುತ್ತಾ? ಅಳತೆ ಸಮೇತ ಹೇಳಿ. ಸಾರು ಯಾವುದು ಮಾಡಲಿ ಅಂತಲೂ ಹೇಳಿ.

ಮದ್ದೂರು ವಡೆ
ಬೆರೆಸ್ಬೇಡಿ. ರುಚಿ ಮಾತು ಆಮೇಲೆ, ಮೊದಲು ಬೇಯೋ ಲೆಕ್ಕ ನೋಡಿ. ತೊಗರಿಬೇಳೆ ತೆರೆದ ಪಾತ್ರೇಲಿ 20–25 ನಿಮಿಷಕ್ಕೆ ಹದಕ್ಕೆ ಬರತ್ತೆ. ಕಡಲೆಬೇಳೆ ಒಂದು ಗಂಟೆ ನೆನೆಸಿಟ್ರೂ ಮುಕ್ಕಾಲು ಗಂಟೆ ಕೇಳತ್ತೆ. ಒಂದೇ ಪಾತ್ರೆಗೆ ಸುರಿದ್ರೆ ತೊಗರಿ ಕರಗಿ ಕಟ್ಟಿಗೆ, ಅಂದ್ರೆ ಬೇಳೆ ಬೇಯಿಸಿ ಬಸಿದ ನೀರಿಗೆ, ಸೇರ್ಕೊಂಡಿರತ್ತೆ, ಕಡಲೆ ಇನ್ನೂ ಹಲ್ಲಿಗೆ ಸಿಗ್ತಿರತ್ತೆ. ಬಸಿದ ಮೇಲೆ ನಿಮಗೆ ಉಳಿಯೋದು ಗಟ್ಟಿ ಕಾಳಿನ ಹೂರಣ, ಗಂಜಿಯಂಥ ಕಟ್ಟು. ಎರಡೂ ಕೆಟ್ಟವು.

ಲೈನ್ ಬಜಾರ್
ಬೆರಸೂದು ಬ್ಯಾಡ ಅನ್ನೂದು ಖರೆ ಅದ. ಆದ್ರ ಎರಡು ಥರಾ ಮಾಡೂದರ ಯಾಕ್ರಿ? ಕಡ್ಲಿಬ್ಯಾಳಿದು ಒಂದ ಮಾಡ್ರಿ, ಎಲ್ಲಾರೂ ತಿಂತಾರ. ತೊಗರಿ ಹೂರಣ ಬ್ಯಾಸಿಗ್ಯಾಗ ಮುಂಜಾನೆ ಮಾಡಿದ್ರ ರಾತ್ರಿಗೆ ಹುಳಿ ವಾಸನಿ ಹೊಡೀತದ. ಕಡ್ಲಿದು ಎರಡು ದಿನ ಗಟ್ಟಿ ಇರ್ತದ.

ಅಳತಿ: ಬ್ಯಾಳಿ 1 ಕೆಜಿ, ಬೆಲ್ಲ 900 ಗ್ರಾಂನಿಂದ 1 ಕೆಜಿ. ಬ್ಯಾಳಿ ತೊಳದು ಒಂದು ತಾಸು ನೆನಿ ಇಡ್ರಿ. 5 ಲೀಟರ್ ನೀರು ಕುದ್ದ ಮ್ಯಾಲೆ ಹಾಕ್ರಿ, ಒಂದು ಚಮಚ ಎಣ್ಣಿ ಬಿಟ್ರ ಬುರುಗು ಉಕ್ಕಂಗಿಲ್ಲ. ಎರಡು ಬೆರಳಿನ್ಯಾಗ ಒತ್ತಿದ್ರ ಪುಡಿ ಆಗಬೇಕು, ಆದ್ರ ಕಾಳು ತಾನ ಒಡದು ಕರಗಿರಬಾರದು. ಬಸದು 20 ನಿಮಿಷ ಹಂಗ ಬಿಡ್ರಿ, ನೀರು ಪೂರ್ತಿ ಇಳೀಲಿ. ಆಮ್ಯಾಲೆ ಬೆಲ್ಲ. ಬ್ಯಾಳಿ ಬೇಯೂಕಿಂತ ಮೊದಲ ಬೆಲ್ಲ ಬಿತ್ತು ಅಂದ್ರ ಮತ್ತ ಎಷ್ಟು ಕುದಿಸಿದ್ರೂ ಮೆತ್ತಗ ಆಗೂದಿಲ್ಲ. ಸಣ್ಣ ಉರಿ ಮ್ಯಾಲೆ ತಿರುವ್ರಿ. ಸೌಟು ನೆಟ್ಟರ ಬೀಳದ ನಿಂತ್ರ ಹೂರಣ ಆತು. ಬಿಸಿ ಇದ್ದಾಗ ರುಬ್ಬಬೇಕು, ಆರಿದ ಮ್ಯಾಲೆ ಹೂರಣದ ಯಂತ್ರದಾಗ ಇಳಿಯಂಗಿಲ್ಲ.

ಮದ್ದೂರು ವಡೆ
ತೊಗರಿ ಹೂರಣ ಕೆಡೋದು ಬೇಳೆ ತಪ್ಪಲ್ಲ ಕಣ್ರೀ, ನೀರಿನ ತಪ್ಪು. ಅರ್ಧಂಬರ್ಧ ಬಸಿದು ಬೆಲ್ಲ ಹಾಕ್ತಾರೆ, ಅದರ ಮೇಲೆ ಹಸಿ ಕಾಯಿತುರಿ. ಬಸಿದ ಬೇಳೇನ ಬಟ್ಟೆ ಮೇಲೆ ಹರಡಿ ಕಾಲು ಗಂಟೆ ಗಾಳಿಗೆ ಬಿಡಿ, ಕಾಯಿತುರೀನ ಬಾಣಲೇಲಿ ಬಿಸಿ ಮಾಡಿ ಪಸೆ ಆರಿಸಿ ಹಾಕಿ. ಮಾರನೆ ದಿನ ಮಧ್ಯಾಹ್ನದವರೆಗೂ ಏನಾಗಲ್ಲ. ಅರ್ಧ ಕೆಜಿ ಬೇಳೆಗೆ ಅರ್ಧ ಕೆಜಿ ಬೆಲ್ಲ, ಒಂದು ಹೋಳು ಕಾಯಿ, ಏಲಕ್ಕಿ 8. ನುಣುಪು ಅನ್ನೋದು ತೊಗರಿಗೇ ಸರಿ. ಕಡಲೆಬೇಳೆ ಎಷ್ಟು ರುಬ್ಬಿದ್ರೂ ನಾಲಿಗೆಗೆ ತರಿ ತರಿ.

ಲೈನ್ ಬಜಾರ್
ಆ ತರಿನ ರುಚಿ ಅದ ರೀ!

ಒಲೆ ಮುಂದೆ
ಇಬ್ಬರೂ ಹೋಳಿಗೆ ಹಿಡಿದುಕೊಂಡು ಜಗಳವಾಡ್ತಿದ್ದೀರಿ. ಮದುವೆ, ಗೃಹಪ್ರವೇಶಗಳಲ್ಲಿ ಬಡಿಸುವವರನ್ನು ಕೇಳಿ ನೋಡಿ: ಯಾವ ಬೇಳೆಯ ಹೋಳಿಗೆ ಹಾಕಿದರೂ ತುಪ್ಪ ಬಿದ್ದ ಮೇಲೆ ಎರಡೂ ಕಡೆಯವರು ತಿನ್ನುತ್ತಾರೆ. ಎಲೆಯಲ್ಲಿ ಹಾಗೇ ಉಳಿಯುವುದು ಸಾರು ಕಲಸಿದ ಅನ್ನ. ಮನೆಮನೆಯ ರುಚಿ ನಿಂತಿರುವುದು ಕಟ್ಟಿನಲ್ಲಿ. ಆದ್ದರಿಂದ ಮೊದಲು ಸಾರು ಯಾವುದು ಅಂತ ತೀರ್ಮಾನಿಸಿ, ಬೇಳೆ ಅದರ ಹಿಂದೆ ಬರಲಿ.

ತೊಗರಿ ಕಟ್ಟು ಮಂದ, ಬೇಳೆಯ ಘಮ ಜಾಸ್ತಿ. ಅದಕ್ಕೆ ಹುಣಸೆ, ಸಾರಿನಪುಡಿ ಎರಡನ್ನೂ ತಡೆದುಕೊಳ್ಳುವ ಶಕ್ತಿ ಇದೆ. ಕಡಲೆ ಕಟ್ಟು ತೆಳು, ಸಹಜವಾಗಿಯೇ ಸ್ವಲ್ಪ ಸಿಹಿ. ಅದಕ್ಕೆ ಹುರಿದ ಒಣಕೊಬ್ಬರಿ, ಚಕ್ಕೆ, ಲವಂಗ ಬೀಳದಿದ್ದರೆ ಸಪ್ಪೆ ನೀರು. ಮಂಡ್ಯದ ಮಸಾಲೆಯನ್ನು ಕಡಲೆ ಕಟ್ಟಿಗೆ ಹಾಕಿದರೆ ಹುಳಿ ಮಾತ್ರ ಎದ್ದು ಕಾಣುತ್ತೆ. ಧಾರವಾಡದ ಮಸಾಲೆಯನ್ನು ತೊಗರಿ ಕಟ್ಟಿಗೆ ಹಾಕಿದರೆ ಹುಳಿಯೂ ಅಲ್ಲ ಸಾರೂ ಅಲ್ಲ.

ಸಕ್ಕರೆ ಕಮ್ಮಿ
ಅಷ್ಟೆಲ್ಲ ಯಾಕೆ? ಹೋಳಿಗೆ ಕಡಲೆಬೇಳೇದು ಮಾಡಿ, ಸಾರಿಗೆ ಅಂತ ಒಂದು ಪಾವು ತೊಗರಿಬೇಳೆ ಬೇರೆ ಬೇಯಿಸಿದ್ರಾಯ್ತು. ಜೊತೆಗೆ ಬೆಲ್ಲಾನೂ ಅರ್ಧಕ್ಕೆ ಇಳಿಸಿ. ಒಂದಕ್ಕೊಂದು ಬೆಲ್ಲ ಈಗಿನ ಕಾಲಕ್ಕೆ ಅತಿಯಾಯ್ತು.

ಮದ್ದೂರು ವಡೆ
ಬೇರೆ ಬೇಯಿಸಿದ ಬೇಳೇಲಿ ಮಾಡಿದ್ದು ತಿಳಿಸಾರು, ಒಬ್ಬಟ್ಟಿನ ಸಾರಲ್ಲ. ಕಟ್ಟಿನ ಜೊತೆ ಎರಡು ನಿಂಬೆ ಗಾತ್ರದಷ್ಟು ಹೂರಣಾನೇ ರುಬ್ಬಿ ಬಿಡ್ತೀವಲ್ಲ, ಆ ಸಿಹಿ, ಏಲಕ್ಕಿ ವಾಸನೆ ಇಲ್ದೆ ಅದಕ್ಕೆ ಹೆಸರೇ ಇಲ್ಲ. ಅರ್ಧ ಕೆಜಿ ಬೇಳೇಲಿ ಒಂದೂಕಾಲು ಲೀಟರ್ ಕಟ್ಟು ಬರತ್ತೆ. ಅದಕ್ಕೆ ಒಂದು ದೊಡ್ಡ ನಿಂಬೆ ಗಾತ್ರ ಹುಣಸೆಹಣ್ಣು, ಸಾರಿನಪುಡಿ 3 ದೊಡ್ಡ ಚಮಚ, ಅರ್ಧ ಹೋಳು ಕಾಯಿ, ಜೀರಿಗೆ, ಸುಟ್ಟ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ರುಬ್ಬಿ ಹಾಕಿ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಮನೆಯಾದ್ರೆ ಬಿಟ್ಟು ಇಂಗು ಜಾಸ್ತಿ ಮಾಡಿ. ನೀರು ಬೆರೆಸಿ 2 ಲೀಟರ್‌ಗೆ ತನ್ನಿ. ಕುದಿ ಬಂದ ಮೇಲೆ ಹತ್ತು ನಿಮಿಷ ಸಣ್ಣ ಉರಿ. ಮಾರನೆ ದಿನಕ್ಕೇ ಇದರ ರುಚಿ ನಿಜವಾಗಿ ಕೂಡೋದು, ಆದರೆ ಬೆಳಗ್ಗೆ ಸಂಜೆ ಕುದಿಸಿ ಇಡಬೇಕು, ಇಲ್ಲಾಂದ್ರೆ ನೊರೆ ಬರತ್ತೆ.

ಲೈನ್ ಬಜಾರ್
ಕಟ್ಟಿನ ಸಾರಿಂದೂ ಬರಕೋರಿ. ಅರ್ಧ ಕೆಜಿ ಕಡ್ಲಿಬ್ಯಾಳಿ ಕಟ್ಟಿಗೆ ಒಣಕೊಬ್ಬರಿ ಸಣ್ಣ ಬಟ್ಟಲದ ಕಾಲು ಭಾಗ, ಜೀರಗಿ ಒಂದು ಚಮಚ, ಮೆಣಸು 10, ಲವಂಗ 4, ಚಕ್ಕಿ ಎರಡು ತುಂಡು. ಒಂದೊಂದ ಬ್ಯಾರೆ ಬ್ಯಾರೆ ಹುರೀಬೇಕು. ಕೊಬ್ಬರಿ ಕೆಂಪಾಗಲಿ, ಕರ್ರಗಾದ್ರ ಸಾರು ಕಹಿ. ಹುಣಸಿ ನಿಮ್ಮ ಮಂಡ್ಯದ ಅರ್ಧದಷ್ಟ ಸಾಕು, ಚೂರು ಬೆಲ್ಲ, ಮಸಾಲಿ ಖಾರ. ಒಗ್ಗರಣಿಗೆ ಸಾಸಿವಿ, ಕರಿಬೇವು, ಇಂಗು.

ಬೆಲ್ಲ ಅರ್ಧ ಮಾಡ್ರಿ ಅಂದವರಿಗೆ: ಬೆಲ್ಲ ಬರೇ ಸಿಹಿಗೆ ಅಲ್ರೀ, ಹೂರಣ ಹಿಡಿದು ಇಡೂದೂ ಅದ. ಕೆಜಿಗೆ 750 ಗ್ರಾಂಕಿಂತ ಕೆಳಗ ಇಳಿಸಿದ್ರ ಹೂರಣ ಉದುರ್ತದ, ಲಟ್ಟಿಸುಮುಂದ ಕಣಕ (ಹೊರಗಿನ ಹಿಟ್ಟು) ಹರಕೊಂಡು ಹೊರಗ ಬರ್ತದ. ಸಿಹಿ ಕಡಿಮಿ ಬೇಕಂದ್ರ ಒಂದು ಹೋಳಿಗಿ ಕಡಿಮಿ ತಿನ್ರಿ.

ತೀರ್ಥಹಳ್ಳಿ ಮಳೆ
ಬೇಳೆ ಜಗಳವೇ ಬೇಡ, ಕಾಯಿಹೋಳಿಗೆ ಮಾಡಿ. ಎರಡೂ ಸೀಮೆಯವರಿಗೆ ಸಮಾನ ದೂರ. 😀

ಒಲೆ ಮುಂದೆ
ಯುಗಾದಿಗೆ ಅದು ನಡೆಯಲ್ಲ, ಕಾಯಿಹೋಳಿಗೆಯಲ್ಲಿ ಕಟ್ಟೆಲ್ಲಿ ಬರುತ್ತೆ?

ಬೆಲ್ಲದ ಬಗ್ಗೆ ಒಂದು ಮಾತು ಸೇರಿಸ್ತೀನಿ. ಹೊಳೆಯುವ ಬಿಳಿ ಹಳದಿ ಬೆಲ್ಲ ತರಬೇಡಿ, ಆ ಬಣ್ಣಕ್ಕೆ ಸಾಮಾನ್ಯವಾಗಿ ಹೈಡ್ರೋಸ್ ಅನ್ನೋ ಬಿಳುಪು ಮಾಡುವ ರಾಸಾಯನಿಕ ಹಾಕಿರುತ್ತಾರೆ. ಮಂಡ್ಯದ ಅಚ್ಚುಬೆಲ್ಲವಾಗಲಿ ಮಹಾಲಿಂಗಪುರದ್ದಾಗಲಿ, ಕಂದು ಬಣ್ಣದ್ದೇ ಒಳ್ಳೆಯದು. ಮರಳು ಇದ್ದೇ ಇರುತ್ತೆ ಅಂತಿಟ್ಟುಕೊಳ್ಳಿ. ಕೆಜಿಗೆ ಒಂದು ಲೋಟದಷ್ಟೇ ನೀರು ಹಾಕಿ ಕರಗಿಸಿ, ಸೋಸಿ, ಆ ಪಾಕವನ್ನು ಮತ್ತೆ ಕುದಿಸಿ ದಪ್ಪ ಮಾಡಿ, ಆಮೇಲೆ ಬೇಳೆಗೆ ಹಾಕಿ. ಸೋಸಿದ ನೀರುಬೆಲ್ಲವನ್ನು ಹಾಗೇ ಸುರಿದರೆ ಹೂರಣ ಪಾಯಸವಾಗುತ್ತೆ. ಹಾಗಾಗಿಹೋದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ತೊಳಸಿ. ಅದಕ್ಕೂ ಬಗ್ಗದಿದ್ದರೆ ಹುರಿಗಡಲೆ ಪುಡಿ ಎರಡು ಮೂರು ಚಮಚ. ಮೈದಾ ಮಾತ್ರ ಹಾಕಬೇಡಿ, ಹಸಿ ವಾಸನೆ ಹೋಗಲ್ಲ.

ಡಲ್ಲಾಸ್ ಕನ್ನಡತಿ
ಇಲ್ಲಿ ಚಿರೋಟಿ ರವೆ ಸುಲಭವಾಗಿ ಸಿಗಲ್ಲ. ಆಲ್ ಪರ್ಪಸ್ ಹಿಟ್ಟಿನ ಕಣಕ ತಟ್ಟಿದಷ್ಟೂ ರಬ್ಬರಿನ ಹಾಗೆ ಹಿಂದಕ್ಕೆ ಎಳೆಯುತ್ತೆ. ಬೇಳೆನೂ ಎಷ್ಟು ಹೊತ್ತಾದರೂ ಬೇಯಲ್ಲ. ಏನು ಮಾಡಬಹುದು?

ಮದ್ದೂರು ವಡೆ
ಸಣ್ಣ ರವೆ ತಂದು ಮಿಕ್ಸಿಲಿ ಎರಡು ಸುತ್ತು ತಿರುಗಿಸಿ, ಜರಡಿ ಹಿಡಿದ್ರೆ ಹತ್ತಿರಕ್ಕೆ ಬರತ್ತೆ. ಅರ್ಧ ಕೆಜಿ ಬೇಳೆ ಹೂರಣಕ್ಕೆ ರವೆ 350 ಗ್ರಾಂ, ಹಿಟ್ಟು 100 ಗ್ರಾಂ, ಅರಿಶಿನ ಅರ್ಧ ಚಮಚ, ಚಿಟಿಕೆ ಉಪ್ಪು. ನೀರು 280 ಮಿಲಿ ಹತ್ತಿರ, ಕೈಗೆ ಅಂಟೋಷ್ಟು ಸಡಿಲ ಇರ್ಲಿ. ಎಣ್ಣೆ 120 ಮಿಲಿ ಸ್ವಲ್ಪ ಸ್ವಲ್ಪವಾಗಿ ಬಿಟ್ಕೊಂಡು ಹತ್ತು ನಿಮಿಷ ನಾದಿ, ಉಳಿದದ್ದು ಮೇಲೆ ಸುರಿದು ಮುಚ್ಚಿಡಿ. ನಮ್ಮ ಕಡೆ ಹಿಟ್ಟಿಗಾದ್ರೆ 2 ಗಂಟೆ, ನಿಮ್ಮ ಹಿಟ್ಟಿಗೆ 3–4 ಗಂಟೆ. ಅಂಟು ಜಾಸ್ತಿ ಇರೋ ಹಿಟ್ಟು, ನೆನೆದಷ್ಟೂ ಸಡಿಲ ಬಿಡತ್ತೆ. ಕಣಕಾನೂ ಹೂರಣಾನೂ ಒಂದೇ ಮೆದು ಇರ್ಬೇಕು ಅನ್ನೋದೊಂದು ಮರೀಬೇಡಿ. ಹೂರಣ ಗಟ್ಟಿ ಕಣಕ ಸಡಿಲ ಆದ್ರೆ ಮಧ್ಯೆ ಗಂಟು, ತಿರುಗಾಮುರುಗ ಆದ್ರೆ ಅಂಚೆಲ್ಲ ಬರೀ ಹಿಟ್ಟು.

ಒಲೆ ಮುಂದೆ
ಬೇಳೆ ಬೇಯದಿರುವುದಕ್ಕೆ ಕಾರಣ ಎರಡು. ಒಂದು ಹಳೇ ದಾಸ್ತಾನು. ಇನ್ನೊಂದು ಗಡಸು ನೀರು. ನಮ್ಮಲ್ಲಿ ಬೋರ್‌ವೆಲ್ ನೀರಿನದೂ ಇದೇ ಪಾಡು. ಗಡಸು ತೆಗೆದ (ಆರ್‌ಒ) ನೀರಲ್ಲಿ ಬೇಯಿಸಿ ನೋಡಿ. ಸೋಡಾ ಹಾಕಿದರೆ ಬೇಗ ಬೇಯುತ್ತೆ ನಿಜ, ಆದರೆ ಬೇಳೆ ಕರಗಿಹೋಗುತ್ತೆ, ಕಟ್ಟಿನಲ್ಲಿ ಸೋಪಿನ ರುಚಿ. ಅಲ್ಲಿ ಎಣ್ಣೆ ಸವರಿದ ತೊಗರಿಬೇಳೆಯೂ ಮಾರ್ತಾರೆ, ಅದನ್ನು ಬಿಸಿನೀರಲ್ಲಿ ಮೂರು ನಾಲ್ಕು ಸಲ ಉಜ್ಜಿ ತೊಳೆಯಬೇಕು.

ಹಳೇ ಪಂಕ್ತಿ
ಬೀಗರ ನಡುವೆ ಊಟದ ತಗಾದೆ ಹೊಸದೇನಲ್ಲ. ಹಿಂದೆ ನಾಲ್ಕೈದು ದಿನದ ಮದುವೆಗಳಲ್ಲಿ ಈ ತೊಡಕು ಬೇರೆ ರೀತಿಯಲ್ಲಿ ಸಡಿಲವಾಗ್ತಿತ್ತು. ದಿನಕ್ಕೊಂದು ಭಕ್ಷ್ಯ. ಇವತ್ತು ನಿಮಗೆ ಹಿಡಿಸದಿದ್ದರೆ ನಾಳೆಯದು ಹಿಡಿಸುತ್ತೆ. ಬೀಗರನ್ನು ಕೂರಿಸಿ ಉಪಚಾರ ಮಾಡಲು ಭೂಮದ ಊಟ ಅಂತ ಬೇರೆಯೇ ಇತ್ತು. ಮಂಡ್ಯ ಕಡೆ ಧಾರೆ ಆದ ಮೇಲೆ ಬೀಗರೂಟ, ಅದರಲ್ಲಿ ಬಾಡು. ಸಿಹಿಯ ಲೆಕ್ಕ ಧಾರೆಯ ದಿನಕ್ಕೆ, ಖಾರದ ಲೆಕ್ಕ ಬೀಗರೂಟಕ್ಕೆ. ಈಗ ಎಲ್ಲವನ್ನೂ ಒಂದೇ ಹೊತ್ತಿಗೆ ಒಂದೇ ಎಲೆಗೆ ಹಾಕ್ತಾರೆ, ಯಾವುದರ ರುಚಿಯೂ ಹತ್ತುವುದಿಲ್ಲ.

ಇನ್ನೊಂದು, ಹಳೇ ಮೈಸೂರಿನ ಬ್ರಾಹ್ಮಣ ಮದುವೆಗಳಲ್ಲಿ ಚಿರೋಟಿಗೆ ಮೊದಲ ಮಣೆ ಹಾಕಿದ್ದಕ್ಕೆ ಅಡುಗೆಮನೆಯ ಕಾರಣವೂ ಇದೆ. ಎರಡು ಮೂರು ದಿನ ಮುಂಚೆ ಕರಿದಿಟ್ಟರೂ ಗರಿ ಹೋಗಲ್ಲ; ಎಲೆಗೆ ಹಾಕಿ ಸಕ್ಕರೆಪುಡಿ ಉದುರಿಸಿ ಬಾದಾಮಿ ಹಾಲು ಬಿಟ್ಟರೆ ಮುಗಿಯಿತು. ಒಬ್ಬಟ್ಟಿಗೆ ಅದೇ ದಿನ ಕಾವಲಿ ಮುಂದೆ ಕೂರಬೇಕು.

ಲೈನ್ ಬಜಾರ್
ನಮ್ಮ ಕಡೆ ಲಗ್ನದಾಗ ಹೋಳಿಗಿಗಿಂತ ಗೋಧಿ ಹುಗ್ಗಿದ ಕಾರುಬಾರು. ಗೋಧಿ ನೀರು ಚಿಮಕಿಸಿ ಕುಟ್ಟಿ ಹೊಟ್ಟು ತಗದು ಬೇಯಿಸೂದು, ಬೆಲ್ಲ, ಗಸಗಸಿ, ಕೊಬ್ಬರಿ, ಮ್ಯಾಲೆ ಹಾಲು ತುಪ್ಪ. ಸಾವಿರ ಮಂದಿಗೂ ಒಂದ ಹಂಡೆದಾಗ ಆಗ್ತದ, ಅದಕ್ಕ ಅದು ಲಗ್ನದ ಅಡಗಿ. ಬೆಳಗಾವಿ ಕಡೆ ಮಂಡಿಗಿ. ಕಣಕದಾಗ ಸಕ್ರಿಪುಡಿ, ಖೋವಾ, ಏಲಕ್ಕಿ ತುಂಬಿ ಲಟ್ಟಿಸಿ, ಕೈಮ್ಯಾಲೆ ಎಳದು ಎಳದು ತೆಳ್ಳಗ ಮಾಡಿ, ಬೋರಲ ಹಾಕಿದ ಗಡಗಿ ಮ್ಯಾಲೆ ಬೇಯಿಸ್ತಾರ. ಬಿಸಿ ಇದ್ದಾಗನ ಮಡಚಬೇಕು, ಒಂದು ನಿಮಿಷ ತಡ ಆದ್ರ ಹಪ್ಪಳದಂಗ ಮುರೀತದ.

ಹಳೇ ಪಂಕ್ತಿ
ಮಂಡಿಗೆ ಇಲ್ಲಿಯ ಹಳೆಯ ಭಕ್ಷ್ಯಗಳಲ್ಲೊಂದು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, ಅಂದರೆ 12ನೇ ಶತಮಾನದಲ್ಲೇ, ‘ಮಂಡಕ’ದ ವಿವರಣೆ ಇದೆ.

ಸಕ್ಕರೆ ಕಮ್ಮಿ
ಅಡುಗೆಯವರನ್ನು ಕರೆಸಿ ಮದುವೆಗೆ ಹೋಳಿಗೆ ಮಾಡಿಸಿದರೆ ಸಾಮಾನಿನ ಲೆಕ್ಕ ಹೇಗೆ? ಪಟ್ಟಿ ಯಾವಾಗಲೂ ಉದ್ದ ಬರುತ್ತೆ, ಉಳಿದದ್ದು ಎಲ್ಲಿ ಹೋಯ್ತು ಅಂತ ಗೊತ್ತಾಗಲ್ಲ.

ಒಲೆ ಮುಂದೆ
500 ಜನಕ್ಕೆ ತಲೆಗೊಂದು, ಮೇಲೆ ನೂರು ಜಾಸ್ತಿ, ಒಟ್ಟು 600. ಒಂದಕ್ಕೆ 50 ಗ್ರಾಂ ಹೂರಣ, 25 ಗ್ರಾಂ ಕಣಕ. 1 ಕೆಜಿ ಬೇಳೆ, 1 ಕೆಜಿ ಬೆಲ್ಲಕ್ಕೆ ಸುಮಾರು 3 ಕೆಜಿ ಹೂರಣ ಬರುತ್ತೆ. ಹಾಗಾಗಿ ಬೇಳೆ 10 ಕೆಜಿ, ಬೆಲ್ಲ 10 ಕೆಜಿ, ರವೆ ಮೈದಾ ಸೇರಿ 8–9 ಕೆಜಿ. 15 ಕೆಜಿ ಬೇಳೆ ಬರೆದಿದ್ದರೆ ಕೇಳಿ. ತುಪ್ಪದಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ.

ಎರಡೂರ ಸೊಸೆ
ಸರಿ, ಎರಡು ಹೂರಣ, ಅರ್ಧರ್ಧ ಕೆಜಿ ಬೇಳೆ, ಎರಡು ಸಾರು. ಒಟ್ಟು 60 ಹೋಳಿಗೆ, ತಲೆಗೆ ಮೂರು. ಆದರೆ ಇರೋದು ಒಂದೇ ಕಾವಲಿ. ಯಾವುದು ಮೊದಲು?

ಮದ್ದೂರು ವಡೆ
ಒಬ್ಬಟ್ಟು ಮೊದಲು. ಎಣ್ಣೆ ಕುಡಿದ ಕಾವಲಿ ಆಮೇಲೆ ಎಲ್ಲಕ್ಕೂ ಒಳ್ಳೇದು.

ಲೈನ್ ಬಜಾರ್
ಅಲ್ರೀ, ಹಂಗ ಮಾಡಿದ್ರ ನಮ್ಮ ಹೋಳಿಗಿ ಕೆಟ್ಟು ಹೋಗ್ತದ. ಅದು ಅಕ್ಕಿಹಿಟ್ಟು ಹಚ್ಚಿ ಲಟ್ಟಿಸಿದ್ದು. ಎಣ್ಣಿ ಹಂಚಿನ ಮ್ಯಾಲೆ ಹಿಟ್ಟು ನೆನದು ಅಂಟಂಟು ಆಗ್ತದ, ಉಬ್ಬಂಗಿಲ್ಲ.

ಒಲೆ ಮುಂದೆ
ಅವರು ಹೇಳಿದ್ದು ಸರಿ. ಲಟ್ಟಿಸಿದ್ದನ್ನು ಒಣ ಕಾವಲಿಯಲ್ಲಿ ಮೊದಲು ಮುಗಿಸಿ. ಏಳೆಂಟಕ್ಕೊಮ್ಮೆ ಉದುರಿದ ಹಿಟ್ಟನ್ನು ಒಣಬಟ್ಟೆಯಿಂದ ಒರೆಸುತ್ತಾ ಇರಿ, ಇಲ್ಲದಿದ್ದರೆ ಅದೇ ಸುಟ್ಟು ಕಪ್ಪು ಚುಕ್ಕೆ ಆಗುತ್ತೆ. ಆಮೇಲೆ ಒಬ್ಬಟ್ಟು, ಬಾಳೆಲೆ ಮೇಲೆ ತಟ್ಟಿ, ಎಲೆ ಸಮೇತ ಕಾವಲಿಗೆ ಬೋರಲು ಹಾಕಿ ಎಲೆ ಸುಲಿದುಕೊಳ್ಳಿ. ಬಿಸಿಬಿಸಿಯದನ್ನು ಒಂದರ ಮೇಲೊಂದು ಪೇರಿಸಬೇಡಿ, ಬೆವರಿ ಹರಿಯುತ್ತೆ. ಕಾಗದದ ಮೇಲೆ ಹರಡಿ, ಆರಿದ ಮೇಲೆ ಜೋಡಿಸಿ. ಮತ್ತೆ ಎರಡು ಕಟ್ಟಿನ ಪಾತ್ರೆಗೂ ಚೀಟಿ ಅಂಟಿಸಿ, ಗಡಿಬಿಡಿಯಲ್ಲಿ ಯಾರಾದರೂ ಒಂದಕ್ಕೊಂದು ಸುರಿದುಬಿಟ್ಟಾರು.