ಯಾವುದು ಕಮ್ಮಿಯೋ ಅದು

"ಬರಾಬರ್ ಅರವತ್ತು ಸಾವಿರ ರೂಪಾಯಿ!" ಅಂತ ಕಲಬುರಗಿಯ ಜಗದೇವಕ್ಕನ ಮಿರ್ಚಿ ಬಂಡಿಯ ಹತ್ತಿರ ಕೂತಿದ್ದ ಮಲ್ಲಣ್ಣ ಮೊಬೈಲ್ ಎತ್ತಿ ಹಿಡಿದ. ಗುಂಡೇರಾವ್ ವಕೀಲರ ಕೈಯಲ್ಲಿದ್ದ ಮಿರ್ಚಿ ಬಾಯಿ ಹತ್ತಿರ ಬಂದು ನಿಂತಿತು.

"ಯಾತಕ್ಕಪ್ಪ?"

"ಮಾಸ್ತರ ಅಳಿಯಂದು ಹೈದರಾಬಾದ್–ಬೆಂಗಳೂರು ವಿಮಾನ ನಾಕು ತಾಸು ತಡ ಆಗ್ಯಾದ್ರೀ. ಮೂರು ತಾಸು ದಾಟಿದ್ರ ಆರುನೂರು ಯೂರೋ ಕೊಡಲೇಬೇಕಂತ. ಈ ರೀಲ್ ನೋಡ್ರಿ."

ಅಣವೀರಪ್ಪ ಮಾಸ್ತರ ಮುಖ ಆಗಲೇ ಅರಳಿತ್ತು. ಅಳಿಯನ ರೊಕ್ಕದಲ್ಲಿ ಮಾವನ ಪಾಲು ಎಷ್ಟು ಅಂತ ಲೆಕ್ಕ ನಡೆದಿತ್ತು ಅನಿಸುತ್ತದೆ.

"ರೀಲಿನಾಕಿ ಸುಳ್ಳು ಹೇಳಿಲ್ಲ," ಅಂದರು ವಕೀಲರು. "ಆದ್ರ ಅದು ಯುರೋಪಿನ 2004ರ ಕಾಯ್ದೆ, ನಂಬರ್ 261. ಅಲ್ಲಿಂದ ಏರಿದ್ರ ಯಾವ ಕಂಪನಿ ವಿಮಾನ ಆದ್ರೂ ನಡೀತದ. ಇಲ್ಲಿಂದ ಅಲ್ಲಿಗೆ ಹೋಗೋದಿದ್ರ ಕಂಪನಿನೂ ಯುರೋಪಿಂದೇ ಇರಬೇಕು. ನಿನ್ನ ಆರುನೂರು 3,500 ಕಿಲೋಮೀಟರ್ ದಾಟಿದವ್ರಿಗೆ. 1,500ರ ಒಳಗ ಇನ್ನೂರೈವತ್ತು, ನಡುವಿನವ್ರಿಗೆ ನಾನೂರು. ಮಾಸ್ತರ ಅಳಿಯ ಬೆಂಗಳೂರಿಗೆ ಹೊಂಟಿದ್ದ, ಬರ್ಲಿನ್‌ಗಲ್ಲ."

"ಮತ್ತ ನಮ್ಮಲ್ಲಿ ತಡ ಆದ್ರ ಏನು ಕೊಡ್ತಾರ್ರೀ?"

"ಉಪ್ಪಿಟ್ಟು."

"ಚ್ಯಾಷ್ಟಿ ಬ್ಯಾಡ್ರೀ."

"ಖರೇನೇ ಹೇಳ್ಲಕತ್ತೀನಿ. ತಡಕ್ಕ ನಮ್ಮಲ್ಲಿ ರೊಕ್ಕಿಲ್ಲ. ಎರಡೂವರೆ ತಾಸಿನೊಳಗಿನ ಹಾರಾಟ ಎರಡು ತಾಸು ತಡ ಆದ್ರ ಊಟ–ನಾಷ್ಟಾ ಕೊಡಬೇಕು. ಕೌಂಟರಿಗೆ ಹೋಗಿ ಕೇಳಬೇಕು, ಕುಂತಲ್ಲಿ ಯಾರೂ ತಂದು ಕೊಡಂಗಿಲ್ಲ. ಆರು ತಾಸು ದಾಟ್ತದಂದ್ರ ಬ್ಯಾರೆ ವಿಮಾನ ಇಲ್ಲಾ ಪೂರಾ ರೊಕ್ಕ ವಾಪಸ್. ರಾತ್ರಿ ಎಂಟರಿಂದ ಮೂರರೊಳಗ ಹೊರಡೋ ವಿಮಾನ ಆರು ತಾಸಿನ ಮ್ಯಾಲ ತಡ ಆದ್ರ ಹೋಟೆಲ್ ಖೋಲಿ."

"ಹಂಗಾದ್ರ ಡಿಜಿಸಿಎ, ಅದೇ ವಿಮಾನ ಕಂಪನಿಗಳ ಮ್ಯಾಲಿನ ಸರ್ಕಾರಿ ಕಚೇರಿಯವ್ರು, ಹತ್ತು ಸಾವಿರ ಅಂತ ಮಾಡ್ಯಾರಲ್ಲ, ಅದ್ಯಾತಕ್ಕ?" ಮಲ್ಲಣ್ಣ ಇನ್ನೊಂದು ರೀಲ್ ತೆಗೆದ.

"ಅದು ವಿಮಾನ ರದ್ದಾದ್ರ. ಒಂದು ತಾಸಿನ ಹಾರಾಟಕ್ಕ ಐದು ಸಾವಿರ, ಎರಡು ತಾಸಿನ ತನಕ ಏಳೂವರೆ, ಅದಕ್ಕೂ ಹೆಚ್ಚಿಗಿದ್ರ ಹತ್ತು. ಬೆಂಗಳೂರಂದ್ರ ಏಳೂವರೆ ಸಾವಿರದ ಸಾಲಿನ್ಯಾಗ ಬರ್ತದ."

"ನೋಡ್ರಿ! ಏಳೂವರೆ ಏನ್ ಕಡಿಮಿ ಆಯ್ತಾ?"

"ಪೂರಾ ಕೇಳು. ಏಳೂವರೆ ಸಾವಿರ, ಇಲ್ಲಾ ಒಂದು ಕಡೆಯ ಮೂಲ ದರ ಮತ್ತ ಇಂಧನ ಶುಲ್ಕ. ಇವೆರಡರೊಳಗ," ವಕೀಲರು ಮಿರ್ಚಿಯ ತುದಿ ಕಡಿದು, ನಿಧಾನ ಅಗಿದು, ನುಂಗಿ ಹೇಳಿದರು, "ಯಾವುದು ಕಮ್ಮಿಯೋ ಅದು."

ಬಂಡಿಯ ಸುತ್ತ ಒಂದು ಕ್ಷಣ ಎಣ್ಣೆಯ ಸಪ್ಪಳ ಬಿಟ್ಟರೆ ಬೇರೆ ಏನೂ ಇರಲಿಲ್ಲ.

"ಟಿಕೆಟ್ 4,000 ಅದ ಅನ್ನು. ಅದರೊಳಗ ನಿಲ್ದಾಣದ ಶುಲ್ಕ, ಜಿಎಸ್‌ಟಿ ಕಳೀರಿ. 3,000 ಉಳೀತು. ಅದೇ ನಿನ್ನ ಏಳೂವರೆ ಸಾವಿರ. ರೀಲಿನ್ಯಾಗ ದೊಡ್ಡ ಅಕ್ಷರದಾಗ 7,500 ಬರೀತಾರ. ಈ ಮೂರು ಶಬ್ದಕ್ಕ ಮಾತ್ರ ಅವರಲ್ಲಿ ಜಾಗಾ ಸಾಲಂಗಿಲ್ಲ."

"ಜಗದೇವಕ್ಕಾ," ಅಂದರು ಮಾಸ್ತರು, "ನನಗ ನಾಕು ಮಿರ್ಚಿ, ಇಲ್ಲಾ ವೈದ್ಯರು ಹೇಳಿದಷ್ಟು."

"ಯಾವುದು ಕಮ್ಮಿಯೋ ಅದು ಹಾಕ್ಲೇನ್ರೀ?"

"ಬ್ಯಾಡವ್ವ, ನಾಕು ಹಾಕು!"

ಮಲ್ಲಣ್ಣ ಬಿಡುವವನಲ್ಲ. "ಮೂರು ಸಾವಿರ ಆದ್ರೂ ಬಿಡಂಗಿಲ್ರೀ. ಟಿಕೆಟಿನ ರೊಕ್ಕ ಬ್ಯಾರೆ ವಾಪಸ್ ಬರ್ತದಲ್ಲ?"

"ಬರ್ತದ. ಆದ್ರ ಬ್ಯಾರೆ ವಿಮಾನ ಕೊಡ್ತೀವಿ ಅಂದಾಗ ಹೂಂ ಅಂದು ಏರಿದ್ಯೋ, ಪರಿಹಾರದ ಮಾತು ಮುಗೀತು. ವಿಮಾನ, ಇಲ್ಲಾ ರೊಕ್ಕ ಮತ್ತ ಪರಿಹಾರ. ಎರಡೂ ಕೈಯಾಗ ಲಾಡು ಇಲ್ಲ. ವೋಚರ್ ಕೊಡ್ತೀವಿ ಅಂದ್ರ ತಗೋಬೇಕಂತಿಲ್ಲ, ಅದು ನಿನ್ನ ಖುಷಿ. ಮತ್ತ ಮಂಜು, ಮಳಿ, ಗಲಾಟಿ, ವಿಮಾನ ಸಂಚಾರ ನಿಯಂತ್ರಣದವ್ರ ಅಡಚಣಿ ಅಂದ್ರ ಪರಿಹಾರ ಸೊನ್ನಿ. ಅದಕ್ಕೇ ರದ್ದಾದ ಕಾರಣ ಅಲ್ಲೇ ಬರೆಸ್ಕೋಬೇಕು, ಇಲ್ಲಾ ಇಮೇಲ್ ಮಾಡಿ ಕೇಳಬೇಕು. ಮನಿಗೆ ಬಂದು ಕೇಳಿದ್ರ, ಬೀದರಿನ್ಯಾಗ ಬಿಸಿಲಿದ್ರೂ ಕಂಪನಿ ಕಾಗದದಾಗ ಮಂಜು ಬಿದ್ದಿರ್ತದ."

ಇಲ್ಲಿಗೆ ಮಾಸ್ತರಿಗೆ ಏನೋ ನೆನಪಾಯಿತು. "ನಮ್ಮ ಅಳಿಯಗ ತಡ ಆಗೋ ಮೆಸೇಜೇ ಬಂದಿದ್ದಿಲ್ರೀ. ಟಿಕೆಟ್ ಮಾಡಿಸಿದ್ದು ಸ್ಟೇಷನ್ ಕಡಿ ಅಂಗಡ್ಯಾಗ."

"ಅಂಗಡಿಯವ ತನ್ನ ನಂಬರ್ ಹಾಕ್ಯಾನ! ಮೆಸೇಜ್ ಅವನಿಗೆ ಹೋಗ್ಯಾದ. ಅವ ಓದಿ ಅಳಿಸ್ಯಾನ. ಮಾಸ್ತರ, ನಮ್ಮ ಕಡಿ ಅರ್ಧ ದಾವೆ ಸಾಯೋದೇ ಇಲ್ಲಿ. ಪ್ರಯಾಣಿಕ ತನ್ನ ಸರಿಯಾದ ನಂಬರ್ ಕೊಟ್ಟಿರಲಿಲ್ಲಂದ್ರ ಕಂಪನಿ ಪರಿಹಾರ ಕೊಡಬೇಕಂತಿಲ್ಲ. ನಿಯಮದಾಗೇ ಅದ. ಅಂಗಡ್ಯಾಗ ನಿಂತು, ನಿಮ್ಮ ನಂಬರ್, ನಿಮ್ಮ ಇಮೇಲ್ ಹಾಕಿಸಿ, ಪಿಎನ್‌ಆರ್ ನಿಮ್ಮ ಮೊಬೈಲಿಗೆ ಬಂದ ಮ್ಯಾಲ ಕದಲ್ರಿ."

"ಕಂಪನಿ ಕೊಡಲಿಲ್ಲಂದ್ರ?"

"ಮೊದಲ ಕಂಪನಿಯಾಗ ದೂರು ನೋಡೋ ನೋಡಲ್ ಅಧಿಕಾರಿಗೆ ಬರಿ. ಬೋರ್ಡಿಂಗ್ ಪಾಸ್, ವೇಳೆ ಕಾಣೋ ಹಂಗ ಮೆಸೇಜಿನ ಸ್ಕ್ರೀನ್‌ಶಾಟ್, ಊಟ–ಟ್ಯಾಕ್ಸಿಯ ರಸೀದಿ. ಅಲ್ಲಿ ಆಗದಿದ್ರ ಏರ್‌ಸೇವಾ, ವಿಮಾನದ ದೂರಿಗಂತ ಸರ್ಕಾರ ಮಾಡಿದ್ದು. ಆಮ್ಯಾಲ 1915, ಗ್ರಾಹಕರ ಸಹಾಯವಾಣಿ. ಅದೂ ಆಗದಿದ್ರ ಇಲ್ಲೇ ಕಲಬುರಗಿ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮ್ಯಾಲ ನೀ ಇರೋ ಊರಾಗೇ ದಾವೆ ಹಾಕಬಹುದು, ಐದು ಲಕ್ಷದ ತನಕ ಫೀಸೂ ಇಲ್ಲ. ಎರಡು ವರ್ಷದೊಳಗ ಹಾಕಬೇಕು."

"ನಿಮ್ಮ ಫೀಸು ಎಷ್ಟ್ರೀ ಸಾಹೇಬ್ರ?"

"ನಂದು ಯಾವುದು ಜಾಸ್ತಿಯೋ ಅದು."

ಮಾಸ್ತರು ನಕ್ಕು ಕೆಮ್ಮಿದರು. ಹಸಿಮೆಣಸಿನಕಾಯಿ ಗಂಟಲಿಗೆ ಹತ್ತಿತ್ತು. ನೀರು ಕುಡಿದು ಅಂದರು, "ನಮ್ಮೂರಿಂದೇ ವಿಮಾನ ಇದ್ದಿದ್ರ ಅವನು ಹೈದರಾಬಾದಿಗೆ ಯಾಕ ಹೋಗ್ತಿದ್ದ? 2019ರ ನವೆಂಬರ್ 22ಕ್ಕ ಶುರುವಾದಾಗ ಪ್ಯಾಟಿಯೆಲ್ಲಾ ಪೇಡಾ ಹಂಚಿದ್ದರು. ಆಮ್ಯಾಲ ನಮ್ಮದು ನಿಂತೇ ಹೋಯ್ತು. ಬೀದರಿಂದಾದ್ರ ನಿಂತು, ಹಾರಿ, ಮತ್ತ ನಿಂತು, 2025ರ ಏಪ್ರಿಲ್‌ನ್ಯಾಗ ಮತ್ತ ಹಾರ್ತು."

"ಸಣ್ಣ ಊರಿಗೆ ವಿಮಾನ ಹಾರಿಸೋ ಉಡಾನ್ ಯೋಜನೆಯಾಗ ಕಂಪನಿಗೆ ಬೀಳೋ ಕೊರತಿ ಸರ್ಕಾರ ಮೂರು ವರ್ಷ ತುಂಬ್ತಿತ್ತು," ಅಂದರು ವಕೀಲರು. "ಅವಧಿ ಮುಗೀತು, ಕಂಪನಿ ಲೆಕ್ಕ ಹಾಕಿ ನಿಲ್ಲಿಸ್ತು. ನೋಡ್ರಿ, ಅವರಿಗೂ ಪರಿಹಾರ ಅದ. ಅದರೊಳಗ ಮಾತ್ರ ಉಪ್ಪಿಟ್ಟಿಲ್ಲ."

"ಹಂಗಾದ್ರ ನಮ್ಮೂರಿನ ವಿಮಾನನೇ ನಿಂತದ್ದಕ್ಕ ದಾವೆ ಹಾಕಮಿ!" ಮಲ್ಲಣ್ಣ ಎದ್ದೇ ನಿಂತ.

"ಎರಡು ವಾರ ಮೊದಲೇ ತಿಳಿಸಿದ್ರ ಪರಿಹಾರ ಇಲ್ಲೋ ಮಾರಾಯ. ಬ್ಯಾರೆ ವಿಮಾನ, ಇಲ್ಲಾ ಟಿಕೆಟಿನ ರೊಕ್ಕ, ಅಷ್ಟೇ."

ಜಗದೇವಕ್ಕ ಜಾಲಿ ಸೌಟಿನಿಂದ ಮಿರ್ಚಿ ತಿರುವುತ್ತಿದ್ದಳು. ತಲೆ ಎತ್ತದೆ ಅಂದಳು, "ನಮ್ಮವ್ವ ವಿಮಾನ ನಿಲ್ದಾಣ ಇರೋ ಸರಡಗಿ ಕಡಿ ಹೊಲಕ್ಕ ಹೋಗ್ತಾಳ್ರೀ, ತೊಗರ್ಯಾಗ ಕಸ ತೆಗಿಲಿಕ್ಕ. ವಿಮಾನದ ಸಪ್ಪಳ ಬಂತಂದ್ರ ಹೆಣಮಕ್ಕಳೆಲ್ಲಾ ಕುರ್ಪಿ ಬಿಟ್ಟು ಬುತ್ತಿ ಬಿಚ್ಚತಿದ್ದರು. ಒಮ್ಮೊಮ್ಮೆ ಅದು ತಡ ಮಾಡ್ತಿತ್ತು, ಇವರೂ ಉಪಾಸ ಕೂಡತಿದ್ದರು."

"ನೋಡಪ್ಪ, ಉಪ್ಪಿಟ್ಟು ಖರೇ ಅಲ್ಲಿಗೆ ಹೋಗಬೇಕಾಗಿತ್ತು," ಅಂದರು ವಕೀಲರು.

"ನಿಂತ ಮ್ಯಾಲ ಒಂದು ವಾರ ಹಂಗೇ ಕಾದಾರಂತ್ರೀ. ನಮ್ಮವ್ವಗ ಎರಡು ವಾರ ಮೊದಲ ಯಾರೂ ಮೆಸೇಜ್ ಹಾಕಲಿಲ್ಲ."

ವಕೀಲರು ಏನೋ ಹೇಳಲು ಬಾಯಿ ತೆರೆದರು. ಮಲ್ಲಣ್ಣ ಮೊಬೈಲ್ ಕಿಸೆಗೆ ಹಾಕಿದ. ಜಗದೇವಕ್ಕ ಹಿಟ್ಟಿನಲ್ಲಿ ಅದ್ದಿದ ಇನ್ನೊಂದು ಮೆಣಸಿನಕಾಯಿಯನ್ನು ಬಾಣಲೆಯ ಅಂಚಿನಿಂದ ಮೆಲ್ಲಗೆ ಎಣ್ಣೆಗೆ ಬಿಟ್ಟಳು.